ಗುಡ್ಡದ ಬುಡದಿಂದ ಗದ್ದೆವರೆಗೆ 400 ಮೀಟರ್ ಗಟಾರ: ಅಳತೆ ಎಷ್ಟು, ನೀರು ಬಿಡೋದು ಎಲ್ಲಿ?

ಬೇಲೆಹಿತ್ತಲು (ಕುಮಟಾ ತಾಲೂಕು)

ನಮಸ್ಕಾರ. ನಮ್ಮ ವಾರ್ಡಿನ ರಸ್ತೆ ಬದಿ ಗಟಾರಕ್ಕೆ ಈ ಸಲ ಪಂಚಾಯತ ಕ್ರಿಯಾ ಯೋಜನೆಯಲ್ಲಿ ದುಡ್ಡು ಇಡ್ತಾರಂತೆ. ಅಂದಾಜು ಪಟ್ಟಿ ಇನ್ನೂ ಆಗಿಲ್ಲ. ಅದು ಆಗಿ ಸಹಿ ಬಿದ್ದ ಮೇಲೆ ತಕರಾರು ತೆಗೆದು ಪ್ರಯೋಜನ ಇಲ್ಲ, ಹಾಗಾಗಿ ಈಗಲೇ ಕೇಳ್ತಿದ್ದೇನೆ.

ಜಾಗ ಹೀಗಿದೆ. ಒಟ್ಟು ಉದ್ದ 400 ಮೀಟರ್. ಮೇಲಿನ 280 ಮೀಟರ್ ಚಿರೆಕಲ್ಲು (ಜಂಬಿಟ್ಟಿಗೆ) ಗುಡ್ಡದ ಬುಡದಲ್ಲಿ, ಅಷ್ಟರಲ್ಲಿ ಸುಮಾರು 6 ಮೀಟರ್ ಇಳಿಯುತ್ತದೆ. ಕೆಳಗಿನ 120 ಮೀಟರ್ ಗದ್ದೆ ಬಯಲು, ಹೆಚ್ಚುಕಡಿಮೆ ಸಪಾಟು. ತುದಿಯಲ್ಲಿ ಹಳ್ಳ, ಅದು ಮುಂದೆ ಹೊಳೆಗೆ ಸೇರುತ್ತದೆ. ಹುಣ್ಣಿಮೆ ಅಮಾಸೆಗೆ ಉಬ್ಬರದ ನೀರು ಆ ಹಳ್ಳದಲ್ಲಿ ಮೇಲೆ ಬರುತ್ತದೆ. ಗಟಾರಕ್ಕೆ ನೀರು ಇಳಿಯುವ ಜಾಗ ಆರು ಎಕರೆಯಷ್ಟು: ಮನೆ, ತೆಂಗಿನ ಹಿತ್ತಲು, ಮೇಲೆ ಸ್ವಲ್ಪ ಬೋಳು ಗುಡ್ಡ.

ಈಗಿರೋದು ಮಣ್ಣಿನ ಗಟಾರ. ಒಂಬತ್ತು ಮನೆಯವರು ಗೇಟಿನ ಎದುರು ಪೈಪ್ ಇಟ್ಟು ಮಣ್ಣು ಮುಚ್ಚಿದ್ದಾರೆ, ಹೆಚ್ಚಿನವು ಆರಿಂಚಿನ ಪಿವಿಸಿ. ಪೂರ್ತಿ ಕಾಂಕ್ರೀಟ್ ಮಾಡಿಸಬೇಕಾ? ಅಗಲ ಆಳ ಎಷ್ಟು? "ಎರಡಡಿ ಎರಡಡಿ ಸಾಕು" ಅನ್ನೋರು ಜಾಸ್ತಿ.

---

ಮಟ್ಟಗೋಲು

ಅಗಲ ಕೊನೆಗೆ ಬರುವ ಪ್ರಶ್ನೆ. ಮೊದಲು ತುದಿಯ ಮಟ್ಟ ಹಿಡಿಯಿರಿ. ಹಳ್ಳಕ್ಕೆ ಸೇರುವಲ್ಲಿ ಗಟಾರದ ತಳ ಎಲ್ಲಿರಬೇಕು ಅಂತ ಗೊತ್ತಾದ ಮೇಲೆ ಅಲ್ಲಿಂದ ಮೇಲಕ್ಕೆ ಏರಿಸುತ್ತ ಹೋಗಬೇಕು. ರಸ್ತೆ ಅಂಚು ನೋಡಿಕೊಂಡು ಮೇಲಿನಿಂದ ಎರಡಡಿ ಆಳ ಅಗೆಯುತ್ತ ಬಂದರೆ ರಸ್ತೆಯ ಉಬ್ಬುತಗ್ಗೆಲ್ಲ ಗಟಾರದ ತಳಕ್ಕೂ ಬರುತ್ತದೆ. ತಗ್ಗಿದ್ದಲ್ಲಿ ನೀರು ನಿಲ್ಲುತ್ತದೆ, ನಿಂತಲ್ಲಿ ಹೂಳು ಕೂರುತ್ತದೆ. ಹೊಸ ಗಟಾರ ಎರಡೇ ಮಳೆಗಾಲಕ್ಕೆ ತುಂಬುವುದು ಬಹುಪಾಲು ಇದರಿಂದ.

ಅಳತೆಗೆ ಆಟೋ ಲೆವೆಲ್ ಇದ್ದರೆ ಉತ್ತಮ. ಇಲ್ಲದಿದ್ದರೆ ಪಾರದರ್ಶಕ ಕೊಳವೆಯ ನೀರುಮಟ್ಟವೂ ನಡೆಯುತ್ತದೆ, ಒಳಗೆ ಗಾಳಿಗುಳ್ಳೆ ಇರಕೂಡದು ಅಷ್ಟೆ. ಪ್ರತಿ 10 ಮೀಟರಿಗೆ ಗೂಟ. 200ಕ್ಕೆ 1 ಇಳಿಜಾರಾದರೆ ಗೂಟದಿಂದ ಗೂಟಕ್ಕೆ 5 ಸೆಂ.ಮೀ., 500ಕ್ಕೆ 1 ಆದರೆ 2 ಸೆಂ.ಮೀ. ಇಳಿಯಬೇಕು. ಈ 2 ಸೆಂ.ಮೀ. ಕಣ್ಣಂದಾಜಿಗೆ ಸಿಗುವುದಿಲ್ಲ, ಎಷ್ಟೇ ಪಳಗಿದ ಮೇಸ್ತ್ರಿ ಆದರೂ.

ಈಗ ನೀರಿನ ಲೆಕ್ಕ. ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐಆರ್‌ಸಿ) ಎಸ್‌ಪಿ 42 (ರಸ್ತೆ ಚರಂಡಿ), ಎಸ್‌ಪಿ 50 (ಪಟ್ಟಣದ ಚರಂಡಿ), ಕೇಂದ್ರ ಸರ್ಕಾರದ ಸಿಪಿಎಚ್‌ಇಇಒದವರ 2019ರ ಮಳೆನೀರು ಚರಂಡಿ ಕೈಪಿಡಿ, ಎಲ್ಲದರಲ್ಲೂ ಸಣ್ಣ ಜಾಗಕ್ಕೆ ಒಂದೇ ಸೂತ್ರ: ಹರಿವಿನ ಅಂಶ (ಬಿದ್ದ ಮಳೆಯಲ್ಲಿ ಹರಿದು ಬರುವ ಪಾಲು) × ಮಳೆಯ ತೀವ್ರತೆ (ಗಂಟೆಗೆ ಮಿ.ಮೀ.) × ಜಾಗ (ಹೆಕ್ಟೇರ್) ÷ 360. ಉತ್ತರ ಸೆಕೆಂಡಿಗೆ ಘನ ಮೀಟರ್. ನಮ್ಮ ಕರಾವಳಿಗೆ ವರ್ಷಕ್ಕೆ 3000 ಮಿ.ಮೀ. ಮೇಲೆ ಮಳೆ ಅನ್ನುವ ಅಂಕಿ ಇಲ್ಲಿ ಉಪಯೋಗಕ್ಕಿಲ್ಲ. ಕಾಲು ಗಂಟೆಯ ಹೊಡೆತ ಎಷ್ಟು ಜೋರು ಅನ್ನುವುದಷ್ಟೇ ಬೇಕು. ನಿಮ್ಮ ಜಾಗಕ್ಕೆ ಗಂಟೆಗೆ 100 ಮಿ.ಮೀ. ಹಿಡಿಯೋಣ. ಜುಲೈ ಹೊತ್ತಿಗೆ ಗುಡ್ಡ ನೀರು ಕುಡಿದು ಸಾಕಾಗಿರುತ್ತದೆ, ಹಾಗಾಗಿ ಹಿತ್ತಲು ಇದ್ದರೂ ಅಂಶ 0.6ಕ್ಕಿಂತ ಕಡಿಮೆ ಬೇಡ. ಆರು ಎಕರೆ ಚಿಲ್ಲರೆ ಅಂದರೆ 2.5 ಹೆಕ್ಟೇರ್. 0.6 × 100 × 2.5 ÷ 360 = 0.417. ಅಂದರೆ ಸೆಕೆಂಡಿಗೆ ಸುಮಾರು 420 ಲೀಟರ್.

ಗಟಾರದ ನೀರಿನ ವೇಗ ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದಲ್ಲಿ ನಯ ಕಾಂಕ್ರೀಟಿನ ಒರಟುತನ 0.015 ಹಾಕಿದರೆ, 60 ಸೆಂ.ಮೀ. ಅಗಲದ ಗಟಾರದಲ್ಲಿ 45 ಸೆಂ.ಮೀ. ನೀರು 200ಕ್ಕೆ 1ರ ಇಳಿಜಾರಿನಲ್ಲಿ ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಓಡಿ 406 ಲೀಟರ್ ಸಾಗಿಸುತ್ತದೆ. ಮೇಲೆ 15 ಸೆಂ.ಮೀ. ಖಾಲಿ ಬಿಟ್ಟರೆ ಆಳ 60. ಹಾಗಾಗಿ ಮೇಲಿನ 280 ಮೀಟರಿಗೆ ಎರಡಡಿ ಎರಡಡಿ ಸರಿಯೇ.

ಅದೇ ಗಟಾರ ಗದ್ದೆ ಬಯಲಿಗೆ ಬಂದು ಇಳಿಜಾರು 500ಕ್ಕೆ 1 ಆಯಿತು ಅನ್ನಿ. ಸಾಗುವುದು ಬರೀ 257 ಲೀಟರ್. ಉಳಿದ 150 ಲೀಟರ್ ಪ್ರತಿ ಸೆಕೆಂಡಿಗೂ ರಸ್ತೆ ಮೇಲೆ. ಆ 120 ಮೀಟರಿಗೆ ಅಗಲ 90 ಸೆಂ.ಮೀ. ಬೇಕು, ಆಗ 447 ಲೀಟರ್ ಹೋಗುತ್ತದೆ. ಅಂದಾಜು ಪಟ್ಟಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಅಡ್ಡಕೊಯ್ತದ (ಅಗಲ-ಆಳ ತೋರಿಸುವ) ಚಿತ್ರ ಇದ್ದರೆ ಅಲ್ಲೇ ಕೇಳಿ. ಉದ್ದಕೊಯ್ತದ ನಕ್ಷೆ, ಅಂದರೆ 10 ಮೀಟರಿಗೊಂದು ತಳದ ಮಟ್ಟ ಬರೆದ ಹಾಳೆ, ಜೊತೆಗೆ ಇರಲೇಬೇಕು.

---

ಚಿರೆಕಲ್ಲುಗಾರೆ

ಮಟ್ಟಗೋಲು ಅವರ ಲೆಕ್ಕಕ್ಕೆ ಒಂದು ಸೇರಿಸಬೇಕು. 280 ಮೀಟರಿಗೆ 6 ಮೀಟರ್ ಇಳಿಯುತ್ತದೆ ಅಂದ್ರೆ ಸುಮಾರು 47ಕ್ಕೆ 1. ನೆಲ ಹೋದ ಹಾಗೇ ಗಟಾರ ಕಟ್ಟಿದ್ರೆ ತುಂಬು ನೀರಿನ ವೇಗ ಸೆಕೆಂಡಿಗೆ 3 ಮೀಟರ್ ದಾಟ್ತದೆ. ಗುಡ್ಡದ ಹರಳು, ಚಿರೆಕಲ್ಲು ಚೂರು ಎಲ್ಲ ಅದರ ಜೊತೆ ಉರುಳಿ ತಳದ ಗಾರೆ ಕಿತ್ತು ಹಾಕ್ತದೆ. ಅದಕ್ಕೆ ಮೆಟ್ಟಿಲು ಹಾಕಬೇಕು. 200ಕ್ಕೆ 1ರಲ್ಲಿ ಇಳಿಜಾರು ತಿನ್ನೋದು 1.4 ಮೀಟರ್. ಉಳಿದ 4.6 ಮೀಟರನ್ನು 30 ಸೆಂ.ಮೀ. ಎತ್ತರದ ಮೆಟ್ಟಿಲಲ್ಲಿ ಇಳಿಸಿದ್ರೆ ಹದಿನೈದು ಮೆಟ್ಟಿಲು, ಹೆಚ್ಚುಕಡಿಮೆ 18 ಮೀಟರಿಗೊಂದು. ಮೆಟ್ಟಿಲ ಕೆಳಗೆ ನೀರು ಬೀಳುವ ಒಂದು ಮೀಟರ್ ತಳಕ್ಕೆ ಕಪ್ಪುಕಲ್ಲು ಹಾಸಿ ಇಲ್ಲವೇ ಕಾಂಕ್ರೀಟ್ 10 ಸೆಂ.ಮೀ. ದಪ್ಪ ಜಾಸ್ತಿ ಮಾಡಿ. ಅಲ್ಲಿ ಚಿರೆಕಲ್ಲು ಬೇಡ, ನೀರು ಬಿದ್ದು ಬಿದ್ದು ಗುಂಡಿ ಆಗ್ತದೆ. ನೀರಿನ ರಭಸ ತಡೀಲಿಕ್ಕೆ ಅಂತ ಮೆಟ್ಟಿಲ ಮುಂದೆ ಸಣ್ಣ ಕಟ್ಟೆ ಕಟ್ಟೋರಿದ್ದಾರೆ. ಮಳೆ ನಿಂತ ಮೇಲೆ ಅದರ ಹಿಂದೆ ನೀರು ಉಳಿದು ಸೊಳ್ಳೆ ಸಾಕಿದ ಹಾಗೆ ಆಗ್ತದೆ.

ಕಟ್ಟುವ ಕ್ರಮ. ತಳ ಗಟ್ಟಿ ಚಿರೆಕಲ್ಲಿದ್ರೆ ಸಮ ಮಾಡಿ 1:4:8 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ 10 ಸೆಂ.ಮೀ. ಹಾಕಿದ್ರೆ ಹಾಸು ಆಯ್ತು. ಗದ್ದೆ ಕಡೆ ಕೆಸರು ಮಣ್ಣಿಗೆ ಅದು ಸಾಲದು. ಮೊದಲು 15ರಿಂದ 20 ಸೆಂ.ಮೀ. ಕಲ್ಲಿನ ಸೋಲಿಂಗ್, ಸಂದಿಗೆ ಹೊಯ್ಗೆ (ಮರಳು) ತುಂಬಿ ನೀರು ಹೊಡೆದು ಕುಟ್ಟಿ, ಆಮೇಲೆ ಹಾಸು. ಇದನ್ನ ಬಿಟ್ರೆ ಒಂದೇ ಮಳೆಗಾಲಕ್ಕೆ ಗೋಡೆ ಒಂದು ಕಡೆ ಕೂತು ಬಿರುಕು ಬಿಡ್ತದೆ. ಹಾಸಿನ ಮೇಲೆ ತಳದ ಎಂ20 (ಗಟ್ಟಿತನದ ದರ್ಜೆ) ಕಾಂಕ್ರೀಟ್, ಮಧ್ಯದಲ್ಲಿ ಸ್ವಲ್ಪ ತಗ್ಗಿಸಿ ದೋಣಿ ಆಕಾರ. ಬೇಸಿಗೆಯ ಸಣ್ಣ ನೀರು ಆ ತಗ್ಗಲ್ಲೇ ಹರಿದ್ರೆ ತಳ ತೊಳೆದುಕೊಂಡು ಹೋಗ್ತದೆ.

ಗೋಡೆಗೆ ಎರಡು ದಾರಿ. ಗುಡ್ಡದ ಬದಿ ಚಿರೆಕಲ್ಲು 1:6 ಗಾರೆಯಲ್ಲಿ ಕಟ್ಟಿ, ಒಳಮೈಗೆ 1:4ರ ಗಿಲಾಯಿ (ಪ್ಲಾಸ್ಟರ್). ರಸ್ತೆ ಬದಿ ಲಾರಿ ಚಕ್ರ ಅಂಚಿಗೆ ಬರ್ತದೆ ಅಂತಾದ್ರೆ ಕಾಂಕ್ರೀಟ್ ಗೋಡೆ 15 ಸೆಂ.ಮೀ. ಇಲ್ಲಿ ಕಬ್ಬಿಣದ ವಿಷಯ ಗಮನಿಸಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕರಾವಳಿ ಗಾಳಿಗೆ ನೇರ ತೆರೆದುಕೊಂಡ ಜಾಗ 'ತೀವ್ರ' ವರ್ಗ: ಸರಳು ಇಲ್ಲದ ಕಾಂಕ್ರೀಟಿಗೆ ಎಂ20 ನಡೀತದೆ, ಸರಳು ಹಾಕಿದ್ರೆ ಕನಿಷ್ಠ ಎಂ30, ಸರಳಿನ ಮೇಲೆ 45 ಮಿ.ಮೀ. ಕಾಂಕ್ರೀಟ್ ಮುಚ್ಚಿಗೆ. ಎಂ20ರಲ್ಲಿ ಸರಳು ಹಾಕಿ 20 ಮಿ.ಮೀ. ಮುಚ್ಚಿಗೆ ಕೊಟ್ಟ ಸ್ಲ್ಯಾಬ್ ನಮ್ಮ ಕಡೆ ಐದಾರು ವರ್ಷಕ್ಕೆ ಅಡಿಯಿಂದ ಸಿಪ್ಪೆ ಬಿಡೋದು ಇದಕ್ಕೇ. ಗೋಡೆಗೆ ಸರಳು ಬೇಡವಾದ್ರೆ ಹಾಕಲೇಬೇಡಿ, ಅರ್ಧಂಬರ್ಧ ಹಾಕೋದಕ್ಕಿಂತ ಅದು ಮೇಲು.

ಗುಡ್ಡದ ಬದಿ ಗೋಡೆಗೆ ನೀರು ಬಸಿಯುವ ತೂತು ಬಿಡಲೇಬೇಕು. 50ರಿಂದ 75 ಮಿ.ಮೀ. ಪಿವಿಸಿ ತುಂಡು, ಒಂದೂವರೆ ಮೀಟರಿಗೊಂದು, ತಳದಿಂದ 15 ಸೆಂ.ಮೀ. ಮೇಲೆ, ಗಟಾರದ ಕಡೆಗೆ ಸ್ವಲ್ಪ ಇಳಿಜಾರಾಗಿ. ಗೋಡೆ ಹಿಂದೆ ತೂತಿನ ಬಾಯಿಗೆ ಒಂದು ಬುಟ್ಟಿ ಜಲ್ಲಿ. ಜಲ್ಲಿ ಹಾಕದೆ ತೂತು ಮಾತ್ರ ಬಿಟ್ರೆ ಮಣ್ಣು ಸೋರಿ ಹೋಗಿ ಗೋಡೆ ಹಿಂದೆ ಪೊಳ್ಳಾಗ್ತದೆ. ತೂತೇ ಇಲ್ಲ ಅಂದ್ರೆ ಆರ್ದ್ರಾ, ಪುನರ್ವಸು ಮಳೆಗೆ ಹಿಂದಿನ ನೀರಿನ ಒತ್ತಡಕ್ಕೆ ಗೋಡೆಯೇ ಒಳಗೆ ವಾಲ್ತದೆ. ಕಾಂಕ್ರೀಟಿಗೆ 3 ಮೀಟರಿಗೊಂದು ಸಂದು, ಒಂದು ಬಿಟ್ಟು ಒಂದು ತುಂಡು ಎರಕ.

ಕ್ಯೂರಿಂಗ್: ಸಾದಾ ಓಪಿಸಿ ಸಿಮೆಂಟಿಗೆ 7 ದಿನ, ಬೂದಿ ಬೆರೆತ ಪಿಪಿಸಿಗೆ 10 ದಿನ. ಇಲ್ಲಿ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಪಿಪಿಸಿ. ಮೇ ತಿಂಗಳ ಬಿಸಿಲಲ್ಲಿ ಗೋಣಿ ಹೊದೆಸಿ ನೀರು ಹೊಡೀಬೇಕು. ಬಾವಿ ಬತ್ತಿದ ಕೇರಿಯಲ್ಲಿ ಈ ನೀರಿಗೆ ಟ್ಯಾಂಕರ್ ಖರ್ಚು ಪಟ್ಟಿಯಲ್ಲೇ ಇರಲಿ, ಇಲ್ಲದಿದ್ರೆ ಕ್ಯೂರಿಂಗ್ ಬರೀ ಕಾಗದದಲ್ಲಿ ಆಗ್ತದೆ.

---

ಬೇಲೆಹಿತ್ತಲು

ತುಂಬಾ ಉಪಕಾರ. ಗೇಟಿನ ಪೈಪಿನ ಬಗ್ಗೆ ಯಾರೂ ಹೇಳಲಿಲ್ಲ. ಆರಿಂಚು ತೆಗೆಸಿ ಒಂದಡಿಯ ಎರಡು ಪೈಪ್ ಪಕ್ಕಪಕ್ಕ ಇಡಿ ಅಂದ್ರೆ ಮನೆಯವರು ಒಪ್ಪಬಹುದು. ಎರಡಡಿಯ ಒಂದು ಪೈಪಿಗೆ ಅದು ಸಮ ಅಲ್ವಾ?

---

ಮಟ್ಟಗೋಲು

ಅಲ್ಲ. 200ಕ್ಕೆ 1ರಲ್ಲಿ ತುಂಬಿ ಹರಿದರೆ 600 ಮಿ.ಮೀ. ಸಿಮೆಂಟ್ ಪೈಪ್ ಸೆಕೆಂಡಿಗೆ 430 ಲೀಟರ್ ಒಯ್ಯುತ್ತದೆ. 300 ಮಿ.ಮೀ. ಒಂದು ಒಯ್ಯುವುದು 68. ಎರಡಿಟ್ಟರೆ 136. ಅಡ್ಡಳತೆ ಅರ್ಧ ಆದರೆ ಸಾಮರ್ಥ್ಯ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆರಿಂಚಿನ ಪಿವಿಸಿ ಒಯ್ಯುವುದು 13 ಲೀಟರ್. ನಿಮ್ಮ 420 ಲೀಟರಿನ ಎದುರು ಅದು ಪೈಪ್ ಅಲ್ಲ, ಬಿರಡೆ.

ಮೇಲಿಂದ ಕೆಳಗೆ ಎಷ್ಟೇ ಚೆನ್ನಾಗಿ ಕಟ್ಟಿದರೂ ಒಂಬತ್ತು ಗೇಟುಗಳಲ್ಲಿ ಅತಿ ಕಿರಿದಾದದ್ದು ಯಾವುದೋ ಅದೇ ಇಡೀ ಗಟಾರದ ಅಳತೆ. ಹಾಗಾಗಿ ಗೇಟಿನೆದುರು ಪೈಪ್ ಬೇಡವೇ ಬೇಡ. ಗಟಾರ ಅದೇ ಅಗಲದಲ್ಲಿ ಕೆಳಗೆ ಹೋಗಲಿ, ಮೇಲೆ ಸ್ಲ್ಯಾಬ್ ಹಾಕಿ. ಪೈಪೇ ಬೇಕು ಅಂತಾದರೆ ವಾಹನ ಓಡುವಲ್ಲಿ ಎನ್‌ಪಿ3 ದರ್ಜೆ (ಭಾರ ತಡೆಯುವ, ಸರಳು ಹಾಕಿದ ಸಿಮೆಂಟ್ ಪೈಪ್), 600ಕ್ಕಿಂತ ಕಡಿಮೆ ಇಲ್ಲ. ರಸ್ತೆ ದಾಟುವ ಅಡ್ಡಮೋರಿಗೂ ಇದೇ ಮಾತು, ಅಲ್ಲಿ ಇನ್ನೂ ದೊಡ್ಡದಿದ್ದರೆ ಒಳಗೆ ಸಿಕ್ಕಿದ್ದನ್ನು ತೆಗೆಯಲಿಕ್ಕೆ ಕೈಯಾಡುತ್ತದೆ.

ಒಂಬತ್ತು ಸ್ಲ್ಯಾಬಿನ ಖರ್ಚನ್ನು ಪಟ್ಟಿಯಲ್ಲೇ ಸೇರಿಸಿ. ಮನೆಯವರಿಗೆ ಬಿಟ್ಟರೆ ಮತ್ತೆ ಆರಿಂಚು ಬರುತ್ತದೆ.

---

ಗದ್ದೆಬದಿ (ಅಘನಾಶಿನಿ ಕಡೆ)

ಮೇಲಿನ 280 ಮೀಟರ್ ಕಾಂಕ್ರೀಟಿಗೆ ನನ್ನ ತಕರಾರಿಲ್ಲ. ಕೆಳಗಿನ 120 ಮೀಟರ್ ಮಾತ್ರ ಯಾಕೆ ಕಾಂಕ್ರೀಟ್ ಮಾಡಬೇಕು ಅಂತ ಯೋಚಿಸಿ. ಗದ್ದೆ ಬಯಲಲ್ಲಿ ಗಟಾರ ಎರಡು ಕೆಲಸ ಮಾಡುತ್ತದೆ: ಮೇಲಿನ ನೀರು ಸಾಗಿಸೋದು, ಅಕ್ಕಪಕ್ಕದ ಗದ್ದೆಯ ಹೆಚ್ಚಿನ ನೀರು ಎಳೆಯೋದು. ಎರಡೂ ಬದಿ ಗೋಡೆ ಎದ್ದರೆ ಎರಡನೆಯದು ನಿಂತುಹೋಗುತ್ತದೆ. ಆಮೇಲೆ ಗದ್ದೆಯವರು ರಾತ್ರೋರಾತ್ರಿ ಗೋಡೆ ಒಡೆಯುತ್ತಾರೆ, ಪಂಚಾಯತಕ್ಕೆ ದೂರು ಹೋಗುತ್ತದೆ.

ಮಣ್ಣಿನ ಗಟಾರಕ್ಕೂ ಲೆಕ್ಕ ಇದೆ. ತಳ 60 ಸೆಂ.ಮೀ., ಎರಡೂ ಬದಿ 1ಕ್ಕೆ 1ರ ಓರೆ, ಹುಲ್ಲು ಬೆಳೆದ ಮೈ ಅಂತ ಒರಟುತನ 0.03, ಇಳಿಜಾರು ಅದೇ 500ಕ್ಕೆ 1. ನೀರು 55 ಸೆಂ.ಮೀ. ನಿಂತರೆ 416 ಲೀಟರ್ ಹೋಗುತ್ತದೆ, ವೇಗ ಸೆಕೆಂಡಿಗೆ 0.66 ಮೀಟರ್. ಹುಲ್ಲಿನ ಬೇರು ಹಿಡಿದ ಜೇಡಿಗೆ ಅದು ಕೊರೆಯುವ ವೇಗ ಅಲ್ಲ, ಹೂಳು ಕೂರುವಷ್ಟು ನಿಧಾನವೂ ಅಲ್ಲ. ಮಣ್ಣು ಹೊಯ್ಗೆ ಬೆರೆತದ್ದಾದರೆ ಓರೆಯನ್ನು ಎರಡಕ್ಕೆ ಒಂದರಷ್ಟು ಚಪ್ಪಟೆ ಮಾಡಬೇಕು.

ಇನ್ನು ಉಬ್ಬರ. ಕಾರವಾರ-ಕುಮಟಾ ಕಡೆ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಸುಮಾರು 2 ಮೀಟರ್ ವ್ಯತ್ಯಾಸ. ದಿನಕ್ಕೆರಡು ಸಲ ಹಳ್ಳದ ನೀರು ಗಟಾರದ ಬಾಯಿಗಿಂತ ಮೇಲೆ ಬಂದಾಗ, ನೀವು 90 ಸೆಂ.ಮೀ. ಕಟ್ಟಿ, 900 ಕಟ್ಟಿ, ನೀರು ಹೊರಗೆ ಹೋಗೋದಿಲ್ಲ. ಬಾಯಿಗೆ ಮೇಲಿನಿಂದ ತೂಗುವ ಬಾಗಿಲು ಬೇಕು, ಒಳಗಿನ ನೀರು ಹೆಚ್ಚಾದಾಗ ತಾನೇ ತೆರೆದು, ಹೊರಗಿನ ನೀರು ಏರಿದಾಗ ತಾನೇ ಮುಚ್ಚುವಂಥದ್ದು. ಅದಿಲ್ಲದಿದ್ದರೆ ಉಪ್ಪುನೀರು ನೂರು ಮೀಟರ್ ಒಳಗೆ ಬಂದು ಭತ್ತದ ಬುಡಕ್ಕೆ ನಿಲ್ಲುತ್ತದೆ. ಬಾಗಿಲಿಗೆ ಸಾದಾ ಕಬ್ಬಿಣ ಬೇಡ, ತಿರುಗಣಿ ತುಕ್ಕು ಹಿಡಿದು ಅರ್ಧ ತೆರೆದಲ್ಲೇ ಕಚ್ಚಿಕೊಳ್ಳುತ್ತದೆ. ಗಟ್ಟಿ ಮರದ ಹಲಗೆ ಅಥವಾ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್), ತಿರುಗಣಿ ಸ್ಟೇನ್‌ಲೆಸ್ ಸ್ಟೀಲಿನದು. ಹೊಸಿಲು ಹಳ್ಳದ ತಳಕ್ಕಿಂತ 15 ಸೆಂ.ಮೀ. ಮೇಲಿರಲಿ. ಬಾಗಿಲಿಗಿಂತ ಒಂದೂವರೆ ಮೀಟರ್ ಹಿಂದೆ ಕಸ ತಡೆಯುವ ಜಾಳಿ. ಒಂದು ತೆಂಗಿನ ಸಿಪ್ಪೆ ಸಿಕ್ಕಿಕೊಂಡರೂ ಬಾಗಿಲು ಮುಚ್ಚುವುದಿಲ್ಲ. ಬಾಗಿಲು ಹಾಕುವ ಮುಂಚೆ ಜಾಗ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಗೆರೆಯೊಳಗೆ ಬರುತ್ತದಾ ಅಂತ ನೋಡಿ, ಉಬ್ಬರ ಮುಟ್ಟುವ ಹಳ್ಳದ ದಂಡೆ ಸಾಮಾನ್ಯವಾಗಿ ಬರುತ್ತದೆ, ಅನುಮತಿ ಬೇಕಾಗುತ್ತದೆ.

ಬಾಗಿಲು ಮುಚ್ಚಿದ ಹೊತ್ತಲ್ಲಿ ಮೇಲಿನ ನೀರು ಎಲ್ಲಿಗೆ ಹೋಗಬೇಕು? ಇದನ್ನು ಯಾರೂ ಲೆಕ್ಕ ಹಾಕೋದಿಲ್ಲ. ಗಂಟೆಗೆ 20 ಮಿ.ಮೀ. ಅಂದರೆ ನಮ್ಮಲ್ಲಿ ಸಾಧಾರಣ ಮಳೆ. ಅಷ್ಟಕ್ಕೇ ನಿಮ್ಮ ಆರು ಎಕರೆಯಿಂದ ಗಂಟೆಗೆ 300 ಘನ ಮೀಟರ್ ಬರುತ್ತದೆ. ಮೂರು ಗಂಟೆ ಬಾಗಿಲು ಮುಚ್ಚಿದರೆ 900. ಅದನ್ನು ಒಂದಡಿ ಆಳದಲ್ಲಿ ಹಿಡಿಯಲಿಕ್ಕೆ 30 ಗುಂಟೆ ತಗ್ಗು ಬೇಕು. ಆ 30 ಗುಂಟೆ ಈಗ ಗದ್ದೆಯ ರೂಪದಲ್ಲಿದೆ. ಅದಕ್ಕೆ ಚಿರೆಮಣ್ಣು ಹೊಡೆದು ಸೈಟ್ ಮಾಡಿದ ದಿನ ನಿಮ್ಮ ಹೊಸ ಗಟಾರದ ಲೆಕ್ಕ ಎಲ್ಲ ಸುಳ್ಳಾಗುತ್ತದೆ.

---

ಚಿರೆಕಲ್ಲುಗಾರೆ

ಗದ್ದೆಬದಿಯವರೆ, ಮಾತು ಸರಿ, ಆದ್ರೆ ಜಾಗ ಎಲ್ಲಿದೆ ಮಾರಾಯ್ರೆ? ನಿಮ್ಮ ಮಣ್ಣಿನ ಗಟಾರಕ್ಕೆ 55 ಸೆಂ.ಮೀ. ನೀರು, ಮೇಲೆ 20 ಖಾಲಿ, ಆಳ 75 ಆಯ್ತು. ಎರಡೂ ಓರೆ ಸೇರಿ ಬಾಯಿ ಅಗಲ 2.1 ಮೀಟರ್. ಕಾಂಕ್ರೀಟಿಗೆ ಗೋಡೆ ಸೇರಿಸಿ 1.2 ಮೀಟರ್ ಸಾಕು. ಪಂಚಾಯತ ರಸ್ತೆ ಬದಿ 2.1 ಮೀಟರ್ ಬಿಡೋರು ಯಾರು?

ಮಧ್ಯದ ದಾರಿ: ರಸ್ತೆ ಬದಿ ಗೋಡೆ, ಗದ್ದೆ ಬದಿ ಓರೆಗೆ ಗಾರೆ ಇಲ್ಲದ ಕಲ್ಲಿನ ಪಿಚಿಂಗ್ (ಕಲ್ಲುಹಾಸು), ತಳ ಮಣ್ಣು. ಗೋಡೆ ಬುಡ ಮಾತ್ರ ತಳದಿಂದ ಕೆಳಗೆ 45 ಸೆಂ.ಮೀ. ಇಳೀಬೇಕು, ಇಲ್ಲದಿದ್ರೆ ಹೂಳೆತ್ತುವ ಜೆಸಿಬಿ ಬುಡವನ್ನೇ ಬಿಡಿಸ್ತದೆ. ಬಯಲಿನ 120 ಮೀಟರಲ್ಲಿ ಕುಡಿಯುವ ನೀರಿನ ಬಾವಿ ಇದ್ರೆ ಅದರ ಆಚೀಚೆ 15 ಮೀಟರ್ ಮಾತ್ರ ತಳಕ್ಕೂ ಕಾಂಕ್ರೀಟ್ ಹಾಕಿ.

---

ಗದ್ದೆಬದಿ

ಒಪ್ಪಿದೆ. ಜಾಗದ ವಿಷಯಕ್ಕೆ, ಮೊದಲು ಸರ್ವೆ ನಕ್ಷೆ ತೆಗೆಸಿ. ಹಳೇ ಹಳ್ಳ, ನೀರಿನ ದಾರಿ ಇದ್ದರೆ ಬಿ-ಖರಾಬು ಅಂತ ದಾಖಲಾಗಿರುತ್ತದೆ, ಅದು ಸಾರ್ವಜನಿಕ. ಎಷ್ಟೋ ಕಡೆ ಈಗಿನ ಗಟಾರಕ್ಕಿಂತ ಕಾಗದದ ಮೇಲಿನ ಅಗಲ ಜಾಸ್ತಿ ಇರುತ್ತದೆ.

---

ಘಟ್ಟದಮೇಲೆ (ಶಿರಸಿ)

ಗುಡ್ಡದ ಕಡೆಯ ನೀರಿನ ಬಗ್ಗೆ ಒಂದು ಮಾತು. ರಸ್ತೆಗೆ ಧರೆ (ಗುಡ್ಡದ ಕಡಿದಾದ ಬದಿ) ಕಡಿದ ಕಡೆ ಮೇಲಿನ ಚಿರೆಕಲ್ಲು ಪದರದ ಅಡಿಗೆ ಶೇಡಿ ಮಣ್ಣು ಕಾಣಿಸುತ್ತಿದೆಯಾ ನೋಡಿ, ಬಿಳಿ ಅಥವಾ ತಿಳಿ ಗುಲಾಬಿ, ಕೈಯಲ್ಲಿ ಹಿಟ್ಟಾಗುವಂಥದ್ದು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಜಾರುತ್ತದೆ. ಅದಿದ್ದರೆ ಗಟಾರದ ಬುಡ ಶೇಡಿಯಲ್ಲಿ ತೆರೆದು ಬಿಡಬೇಡಿ, ಅಗೆದ ದಿನವೇ ಹಾಸು ಹಾಕಿ.

ಧರೆ ಮೇಲೆ ನೀರು ತಡೆಯುವ ಇನ್ನೊಂದು ಗಟಾರ ತೆಗೆಯುವುದು ರೂಢಿ. ಧರೆ ಅಂಚಿನಿಂದ 3ರಿಂದ 5 ಮೀಟರ್ ಹಿಂದೆ ಇರಬೇಕು, ಮತ್ತೆ ಅದಕ್ಕೆ ಒಳಮೈ ಕಟ್ಟಲೇಬೇಕು. ತೋಟದ ಕಾದಿಗೆ (ಬಸಿಗಾಲುವೆ) ಹಾಗೆ ಬರೀ ಮಣ್ಣು ತೋಡಿ ಬಿಟ್ಟರೆ ಅದು ನೀರು ತಡೆಯುವ ಬದಲು ಧರೆಯ ಹೊಟ್ಟೆಗೆ ನೀರು ಕುಡಿಸುತ್ತದೆ. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ಕ್ಕೆ ಗುಡ್ಡ ಇಳಿದ ಮೇಲೆ ಎಲ್ಲ ಕಡೆ ಮೇಲ್ಗಟಾರ ತೋಡಿ ಅನ್ನುವ ಮಾತು ಜೋರಾಗಿದೆ. ಬಿರುಕು ಬಿಟ್ಟ, ತುಂಬಿಕೊಂಡ ಮೇಲ್ಗಟಾರ ಇಲ್ಲದ್ದಕ್ಕಿಂತ ಅಪಾಯ. ವರ್ಷಕ್ಕೆರಡು ಸಲ ಹತ್ತಿ ನೋಡುವವರು ಯಾರು ಅಂತ ಗೊತ್ತಿಲ್ಲದೆ ಕಟ್ಟಬೇಡಿ.

ಗುಡ್ಡದ ಓಣಿ ನೀರು ರಸ್ತೆ ಗಟಾರಕ್ಕೆ ಸೇರುವ ಪ್ರತಿ ಜಾಗಕ್ಕೂ ಒಂದು ಹೂಳುಗುಂಡಿ. ಒಂದು ಮೀಟರ್ ಚೌಕ, ಹೊರಹರಿವಿನ ಮಟ್ಟದಿಂದ 30ರಿಂದ 45 ಸೆಂ.ಮೀ. ಆಳ. ಕಲ್ಲು ಹರಳು ಅಲ್ಲೇ ಉಳಿಯುತ್ತದೆ, 400 ಮೀಟರ್ ಬಳಿಯುವ ಬದಲು ನಾಲ್ಕು ಗುಂಡಿ ಬಳಿದರೆ ಆಯಿತು. ಶೇಡಿ ಇಲ್ಲದಲ್ಲಿ ತಳಕ್ಕೆ ಕಾಂಕ್ರೀಟ್ ಹಾಕದೆ ಜಲ್ಲಿ ಹಾಸಿ, ಮಳೆ ಬಿಟ್ಟಾಗ ನೀರು ಇಂಗಿ ಹೋಗಲಿ.

---

ಹಾರೆಬುಟ್ಟಿ

ಕಟ್ಟುವ ಮಾತು ಸಾಕಷ್ಟಾಯ್ತು, ಇಟ್ಟುಕೊಳ್ಳುವ ಮಾತು ಸ್ವಲ್ಪ ಆಡುವ. 60×60ರ ಗಟಾರದಲ್ಲಿ 15 ಸೆಂ.ಮೀ. ಹೂಳು ಕೂತರೆ 406 ಲೀಟರ್ ಇದ್ದದ್ದು 240ಕ್ಕೆ ಇಳಿಯುತ್ತದೆ. ಕಾಲು ಪಾಲು ಹೂಳಿಗೆ ಶೇ. 40 ಸಾಮರ್ಥ್ಯ ಹೋಯ್ತು. ಹಾಗಾಗಿ ಗೋಡೆ ಮೇಲೆ 30 ಮೀಟರಿಗೊಂದು ಕಡೆ ತಳದಿಂದ 10 ಸೆಂ.ಮೀ. ಎತ್ತರಕ್ಕೆ ಕೆಂಪು ಬಣ್ಣದ ಗೆರೆ ಎಳೆಸಿಡಿ. ಗೆರೆ ಮುಚ್ಚಿದರೆ ಬಳಿಯಬೇಕು. ಇಂಥ ಗುರುತು ಇಲ್ಲದಿದ್ದರೆ ಹೂಳೆತ್ತುವವರು ತಳ ಎಲ್ಲಿ ಅಂತ ಗೊತ್ತಾಗದೆ ಮಣ್ಣಿನ ಭಾಗದಲ್ಲಿ ಅಗೆದದ್ದೇ ಅಗೆದದ್ದು, ಮಧ್ಯೆ ಮಧ್ಯೆ ಹೊಂಡ ಆಗುತ್ತದೆ. ನೀರು ಒಂದು ವಾರಕ್ಕಿಂತ ಜಾಸ್ತಿ ನಿಂತರೆ ಸೊಳ್ಳೆ ಮರಿ ಹಾರಲಿಕ್ಕೆ ಸಾಕು.

ಕೆಲಸ ಯಾವಾಗಲೂ ತುದಿಯಿಂದ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ಬಳಿದದ್ದು ಕೆಳಗೆ ಬಂದು ಕೂರುತ್ತದೆ. ಏಪ್ರಿಲ್‌ನಲ್ಲಿ ಹಳ್ಳದ ಬಾಯಿ, ಮೇ ಮಧ್ಯದೊಳಗೆ ಗುಡ್ಡದ ಬುಡ. ಜೂನ್ ಮೊದಲ ವಾರ ಮೃಗಶಿರ ಹಿಡಿಯುವ ಹೊತ್ತಿಗೆ ಜೆಸಿಬಿ ಸಿಗೋದೇ ಇಲ್ಲ, ಎಲ್ಲರಿಗೂ ಅದೇ ವಾರ ನೆನಪಾಗಿರುತ್ತದೆ.

ಬಳಿದ ಹೂಳನ್ನು ದಂಡೆ ಮೇಲೆ ರಾಶಿ ಹಾಕಿ ಬಿಲ್ ಮಾಡುವ ಪದ್ಧತಿ ಇದೆ. ಮೊದಲ ಮಳೆಗೆ ಅಷ್ಟೂ ಒಳಗೆ. 400 ಮೀಟರಿಗೆ 15 ಸೆಂ.ಮೀ. ಹೂಳು ಅಂದರೆ 36 ಘನ ಮೀಟರ್, ಟ್ರ್ಯಾಕ್ಟರಿನಲ್ಲಿ ಸುಮಾರು ಹನ್ನೆರಡು ಲೋಡ್. ನೀರು ಬಸಿಯಲಿಕ್ಕೆ ಎರಡು ದಿನ ಬಿಟ್ಟು ಸಾಗಿಸುವ ಖರ್ಚು ಪಟ್ಟಿಯಲ್ಲಿ ಬೇರೆಯೇ ಸಾಲಾಗಿ ಇರಬೇಕು. ಬರೀ ಗುಡ್ಡದ ಮಣ್ಣಾದರೆ ತೆಂಗಿನ ಬುಡಕ್ಕೆ ಒಯ್ಯುವವರು ಸಿಗುತ್ತಾರೆ. ಪ್ಲಾಸ್ಟಿಕ್, ಬಚ್ಚಲ ನೀರು ಬೆರೆತದ್ದು ಯಾರ ಹಿತ್ತಲಿಗೂ ಬೇಡ.

ಹುಲ್ಲು ಕತ್ತರಿಸಿ, ಕೀಳಬೇಡಿ. 5ರಿಂದ 10 ಸೆಂ.ಮೀ. ಬಿಟ್ಟು ಸವರಿದರೆ ನೀರಿಗೆ ಅಡ್ಡ ಇಲ್ಲ, ಬೇರು ಓರೆಯನ್ನು ಹಿಡಿದುಕೊಂಡಿರುತ್ತದೆ. ಕಳೆನಾಶಕ ಹೊಡೆದ ಓರೆ ಒಂದು ಜೋರು ಮಳೆಗೆ ಜಾರುತ್ತದೆ, ವಿಷ ಗದ್ದೆಗೆ. ಮಳೆಗಾಲದ ಒಳಗೆ 15 ದಿನಕ್ಕೊಮ್ಮೆ ಜಾಳಿಗಳನ್ನಾದರೂ ನೋಡಲೇಬೇಕು. ನಮ್ಮ ಕಡೆ ಗಟಾರಕ್ಕೆ ಅಡ್ಡ ಸಿಕ್ಕಿ ನೀರು ಕಟ್ಟಿಸುವುದು ಅಡಿಕೆ ಹಾಳೆ, ತೆಂಗಿನ ಮಡಲು, ಗುಟ್ಕಾ ಚೀಟಿ. ಜಾಳಿ ಸರಳಿನ ನಡುವೆ 5 ಸೆಂ.ಮೀ. ಸಂದಿ, ನೆಟ್ಟಗೆ ನಿಲ್ಲಿಸದೆ 45ರಿಂದ 60 ಡಿಗ್ರಿ ಓರೆಗೆ ಇಟ್ಟರೆ ಹಾಳೆ ಮೇಲಕ್ಕೆ ಸರಿದು ನಿಲ್ಲುತ್ತದೆ, ಕೆಳಗಿಂದ ನೀರು ಹೋಗುತ್ತದೆ. ಬಳಿಯಲಿಕ್ಕೂ ಸುಲಭ.

ಸ್ಲ್ಯಾಬಿನ ಅಳತೆ ದಯವಿಟ್ಟು ಗಮನಿಸಿ. ಎರಡೂ ಕಡೆ 15 ಸೆಂ.ಮೀ. ಕೂರಬೇಕು, ಅಂದರೆ ಉದ್ದ 90. ಅಗಲ 30, ದಪ್ಪ 12 ಇಟ್ಟರೆ ತೂಕ 80 ಕೆ.ಜಿ., ಇಬ್ಬರು ಹಾರೆ ಹಾಕಿ ಎಬ್ಬಿಸಬಹುದು. ಮೀಟರ್ ಅಗಲದ ಒಂದೇ ಹಾಸು ಹಾಕಿದರೆ ಯಾರೂ ಎತ್ತುವುದಿಲ್ಲ, ಅದರಡಿಯ ಹೂಳು ಶಾಶ್ವತ. ಎತ್ತಲಿಕ್ಕೆ ಎರಡು ತೂತು ಬಿಡಿಸಿ. ಗೇಟಿನ ಎದುರು ವಾಹನಕ್ಕೆ ದಪ್ಪ 15, ತೂಕ 100 ಕೆ.ಜಿ. ಆಗುತ್ತದೆ, ಆದರೂ ಬಿಡಿ ಬಿಡಿ ತುಂಡೇ ಇರಲಿ. ಶಾಲೆ, ಬಸ್ ನಿಲ್ದಾಣ, ತಿರುವು ಇದ್ದಲ್ಲಿ ಮುಚ್ಚಿ. ಉಳಿದದ್ದು ತೆರೆದೇ ಇದ್ದರೆ ಬಳಿಯಲಿಕ್ಕೆ ಸುಲಭ.

ಬಳಿಯುವವರಿಗೆ ಗಮ್‌ಬೂಟು, ಕೈಗವಸು ಕೊಡದೆ ಇಳಿಸಬೇಡಿ. ಇಲಿಜ್ವರ ಬರುವುದು ಕಾಲಿನ ಸಣ್ಣ ಗಾಯದಿಂದ. ಶೌಚದ ಪೈಪು ಗಟಾರಕ್ಕೆ ಬಿಟ್ಟ ಮನೆ ಇದ್ದರೆ ಮೊದಲು ಅದನ್ನು ಬಿಡಿಸಿ ಗುಂಡಿಗೆ ಹಾಕಿಸಿ. ಹಾಗೇ ಬಿಟ್ಟು ಜನರನ್ನು ಇಳಿಸಿದರೆ 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಗೆ ಸಿಕ್ಕಿಬೀಳುತ್ತೀರಿ.

---

ಬೇಲೆಹಿತ್ತಲು

ಎಲ್ಲರಿಗೂ ಉಪಕಾರ. ಕೊನೆಯದೊಂದು: ಕೆಲಸ ಮುಗಿದ ಮೇಲೆ ಇಳಿಜಾರು ಸರಿ ಬಂತಾ ಅಂತ ನಮ್ಮಂಥವರು ನೋಡೋದು ಹೇಗೆ? ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಬರೀತಾರೆ ಬಿಟ್ಟರೆ ಇಳಿಜಾರು ಬರೆಯೋದು ಕಾಣಲಿಲ್ಲ.

---

ಮಟ್ಟಗೋಲು

ಸ್ಲ್ಯಾಬ್ ಮುಚ್ಚುವ ಮುಂಚೆ, ಕೊನೆಯ ಬಿಲ್ಲಿಗೂ ಮುಂಚೆ, 5000 ಲೀಟರಿನ ಒಂದು ಟ್ಯಾಂಕರ್ ನೀರನ್ನು ಮೇಲ್ತುದಿಯಲ್ಲಿ ಬಿಡಿಸಿ. ಹರಿದು ಹೋದ ಅರ್ಧ ಗಂಟೆ ಬಿಟ್ಟು ಕಟ್ಟಿದ ತಳದ ಉದ್ದಕ್ಕೂ ನಡೆಯಿರಿ. ಎಲ್ಲೆಲ್ಲಿ ನೀರು ನಿಂತಿದೆಯೋ ಅಲ್ಲಿ ಅಳತೆಪಟ್ಟಿ ಇಳಿಸಿ. ಒಂದು ಸೆಂ.ಮೀ.ಗಿಂತ ಜಾಸ್ತಿ ಇದ್ದರೆ ಗೋಡೆ ಮೇಲೆ ಗುರುತು ಹಾಕಿ, ಅಷ್ಟನ್ನು ಕಿತ್ತು ಮತ್ತೆ ಹಾಕಿಸಬೇಕು. ಮೇಲಿಂದ ತೆಳ್ಳಗೆ ಗಾರೆ ಬಳಿದು ಮಟ್ಟ ಮಾಡಲು ಬರುತ್ತಾರೆ, ಒಪ್ಪಬೇಡಿ, ಅದು ಒಂದೇ ಮಳೆಗಾಲಕ್ಕೆ ಏಳುತ್ತದೆ. ಕೆಳಗಿನ ಮಣ್ಣಿನ ಭಾಗಕ್ಕೆ ಟ್ಯಾಂಕರ್ ಉಪಯೋಗ ಇಲ್ಲ, ಬೇಸಿಗೆಯಲ್ಲಿ ನೀರು ಇಂಗುತ್ತದೆ. ಅಲ್ಲಿ ನೀರುಮಟ್ಟದ ಕೊಳವೆಯಿಂದ 10 ಮೀಟರಿಗೊಂದು ಕಡೆ ತಾಳೆ ನೋಡಿ.

ಈ ಪರೀಕ್ಷೆ ಕೆಲಸದ ಷರತ್ತಿನಲ್ಲಿ ಮೊದಲೇ ಬರೆದಿದ್ದರೆ ಮಾತ್ರ ಗುತ್ತಿಗೆದಾರರು ಒಪ್ಪುತ್ತಾರೆ. ಹಾಗಾಗಿ ಗ್ರಾಮಸಭೆಯಲ್ಲಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಜೆಇ (ಕಿರಿಯ ಎಂಜಿನಿಯರ್) ಇದ್ದಾಗಲೇ ಹೇಳಿ ನಡಾವಳಿಯಲ್ಲಿ ಬರೆಸಿ.